ಮೆತ್ತಗೆ ಮಾಡಿ ಹೇಳಿದ ಮಾತು

ಕೆನಡಾದ ಲೆಮಿಂಗ್ಟನ್ನಿನ ಆ ಟೊಮೆಟೊ ಶೆಡ್ಡಿನಲ್ಲಿ ನನ್ನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಕರೆಯುತ್ತಿದ್ದರು. ಮ್ಯಾನೇಜರ್ ಡೇಲ್‌ಗೆ ನಾನು ಜಸ್ಟೀನಾ. ಬೆಲ್ಟಿನ ಪಕ್ಕ ನಿಂತು ಟೊಮೆಟೊ ಆರಿಸಿ ಪೆಟ್ಟಿಗೆ ತುಂಬುವ ಮೆಕ್ಸಿಕೊ, ಗ್ವಾಟೆಮಾಲಾದ ಹೆಂಗಸರಿಗೆ ದೋನ್ಯಾ ಹುಸ್ತೀನಾ, ಬೇಕಾದ ಹಿರಿಯಳನ್ನು ಅಕ್ಕ ಎಂದು ಕರೆಯುವ ಹಾಗೆ. ಮನೆಗೆ ಬಂದರೆ, ನಮ್ಮ ಮೆನನೈಟ್ ಕ್ರೈಸ್ತ ಪಂಗಡದ ಜನರ ಹಳೇ ಜರ್ಮನ್ ಮಾತಿನಲ್ಲಿ, ಯುಸ್ತೀನಾ. ನಾನು ಹುಟ್ಟಿದ್ದು ಮೆಕ್ಸಿಕೊದ ಚಿವಾವಾದಲ್ಲಿ, ನಮ್ಮವರ ಕಾಲೊನಿಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಕೆನಡಾಕ್ಕೆ ಬಂದವಳು. ಹೀಗಾಗಿ ಸ್ಪ್ಯಾನಿಷ್ಷೂ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಶಾಲೆ ಕಲಿತದ್ದು ಆರೇ ವರ್ಷವಾದರೂ ನಲವತ್ತನೇ ವಯಸ್ಸಿಗೆ ಮೂರನೇ ಬೆಲ್ಟಿನ ಮೇಸ್ತ್ರಿಯಾದೆ. ಕಾರಣ ಇಷ್ಟೇ: ಡೇಲ್‌ಗೆ ಸ್ಪ್ಯಾನಿಷ್ ಬಾರದು, ಹೆಂಗಸರಿಗೆ ಇಂಗ್ಲಿಷ್ ಬಾರದು, ನಡುವೆ ನಾನಿದ್ದೆ.

ಆ ನಡುವೆ ನಿಂತು ನಾನು ಏನು ಮಾಡುತ್ತಿದ್ದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತುಗಳನ್ನು ಮೆತ್ತಗೆ ಮಾಡುತ್ತಿದ್ದೆ.

ಡೇಲ್ ಕೆಟ್ಟವನಲ್ಲ. ಆದರೆ ಅವನ ಬಾಯಿಗೆ ಬಾಗಿಲಿಲ್ಲ. ಬೆಲ್ಟಿನ ತುದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಅರಚುತ್ತಿದ್ದ. "ಈ ಬೆಲ್ಟು ಇಡೀ ಶೆಡ್ಡಿಗೇ ದಂಡ! ನಮ್ಮಜ್ಜಿ ಇದಕ್ಕಿಂತ ಬೇಗ ಪ್ಯಾಕ್ ಮಾಡ್ತಿದ್ಲು, ಅವಳು ಸತ್ತು ಹತ್ತು ವರ್ಷ ಆಯ್ತು ಅಂತ ಹೇಳು ಇವ್ರಿಗೆ."

ನಾನು ಹೆಂಗಸರ ಕಡೆ ತಿರುಗಿ ಹೇಳುತ್ತಿದ್ದೆ: "ಚೆನ್ನಾಗಿ ಮಾಡ್ತಿದ್ದೀರಂತೆ. ಸ್ವಲ್ಪ ಬೇಗ ಆದ್ರೆ ಇನ್ನೂ ಸಂತೋಷವಂತೆ."

ಹೆಂಗಸರಲ್ಲಿ ಯಾರಾದರೂ, "ಆ ಕುಂಬಳಕಾಯಿ ಮುಖದವನಿಗೆ ಹೇಳಿ, ಅವ್ನೇ ಬಂದು ಒಂದು ಗಂಟೆ ಇಲ್ಲಿ ನಿಂತ್ಕೊಳ್ಳಲಿ, ಸೊಂಟ ಎಲ್ಲಿದೆ ಅಂತ ಗೊತ್ತಾಗುತ್ತೆ" ಎನ್ನುತ್ತಿದ್ದರು.

"ಖಂಡಿತ ಪ್ರಯತ್ನ ಮಾಡ್ತೀವಿ ಅಂತಿದ್ದಾರೆ," ಎಂದು ನಾನು ಡೇಲ್‌ಗೆ ಹೇಳುತ್ತಿದ್ದೆ.

ಅವನು ತಲೆಯಾಡಿಸಿ ಹೋಗುತ್ತಿದ್ದ. ಇವರು ನಗುತ್ತಾ ಕೆಲಸಕ್ಕೆ ತೊಡಗುತ್ತಿದ್ದರು. ಎರಡೂ ಕಡೆಯವರು ನನ್ನನ್ನು ಹೊಗಳುವವರೇ. ಜಸ್ಟೀನಾ ಇರೋದಕ್ಕೆ ಆ ಬೆಲ್ಟಲ್ಲಿ ಗಲಾಟೆ ಇಲ್ಲ ಎಂದು ಡೇಲ್ ಆಫೀಸಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆ ದಿನ ಮನೆಗೆ ಹೋಗಿ ಗಂಡ ಐಸಾಕ್‌ಗೆ ಅದನ್ನು ಎರಡು ಸಲ ಹೇಳಿದ್ದೆ.

ಈ ವಿದ್ಯೆ ನನಗೆ ಚಿಕ್ಕಂದಿನಿಂದ ಬಂದದ್ದು. ನಮ್ಮಪ್ಪ ಅಮ್ಮ ವರ್ಷದಲ್ಲಿ ಆರು ತಿಂಗಳು ಮಾತು ಬಿಟ್ಟಿರುತ್ತಿದ್ದರು. ಒಂದೇ ಮೇಜಿಗೆ ಕೂತು ಅಪ್ಪ, "ಆ ಹೆಂಗಸಿಗೆ ಹೇಳು, ಈ ಸೂಪನ್ನ ಹಂದಿಯೂ ಮೂಸೋದಿಲ್ಲ" ಎಂದರೆ ನಾನು, "ಅಮ್ಮಾ, ಅಪ್ಪ ಉಪ್ಪು ಕೇಳ್ತಿದ್ದಾರೆ" ಎನ್ನುತ್ತಿದ್ದೆ. ಏಳು ವರ್ಷದ ಹುಡುಗಿಗೆ ಅದು ಬೇಕಿತ್ತೇನೋ. ನಲವತ್ತೇಳು ವರ್ಷದವಳಿಗೆ ಬೇಕಿರಲಿಲ್ಲ.

ಮಿಕಾಯೆಲಾ ಬಂದದ್ದು ಆ ವರ್ಷದ ಮಾರ್ಚಿನಲ್ಲಿ. ಗ್ವಾಟೆಮಾಲಾದ ಬೆಟ್ಟದ ಊರಿನವಳು, ಮೂವತ್ತರ ಆಸುಪಾಸು, ಗಿಡ್ಡ, ಗಟ್ಟಿಮುಟ್ಟು. ಅವಳ ಅತ್ತಿಗೆ ಪೆತ್ರೋನಾ ನಾಲ್ಕು ವರ್ಷದಿಂದ ಹಂಗಾಮಿನ ಕೆಲಸಕ್ಕೆ ಬರುತ್ತಿದ್ದವಳು, ಅವಳೇ ಕರೆತಂದಿದ್ದು. ಮನೆಯಲ್ಲಿ ಅವರದು ಬೇರೆಯೇ ಭಾಷೆ; ಸ್ಪ್ಯಾನಿಷ್ಷನ್ನು ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಮಿಕಾಯೆಲಾ ಒಂದೊಂದು ಪದವನ್ನೂ ಆರಿಸಿ ಆರಿಸಿ, ಕೆಟ್ಟದ್ದು ಬೆರೆಯದ ಹಾಗೆ ಮಾತಾಡುತ್ತಿದ್ದಳು.

ಮೊದಲ ವಾರವೇ ಬಿಡುವಿನ ಹೊತ್ತಿನಲ್ಲಿ ನನ್ನ ಹತ್ತಿರ ಬಂದಳು. ಕೈಯೊರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಎಡಗಿವಿ ಮುಟ್ಟಿ ತೋರಿಸಿದಳು.

"ದೋನ್ಯಾ ಹುಸ್ತೀನಾ, ಈ ಕಿವಿ ನನಗೆ ಕೇಳಿಸೋದಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಹೋಯ್ತು. ಈ ಕಡೆ ನಿಂತ್ರೆ ಗಾಡಿ, ಜನ ಬರೋ ದಾರಿ ನನ್ನ ಎಡಕ್ಕೆ ಬರುತ್ತೆ. ಬೆಲ್ಟಿನ ಆ ಕಡೆ ನಿಲ್ಲಿಸಿದ್ರೆ ಬಲಕ್ಕೆ ಬರುತ್ತೆ, ಎಲ್ಲ ಕೇಳಿಸುತ್ತೆ. ಸೆಞೋರ್ ಡೇಲ್‌ಗೆ ಹೇಳ್ತೀರಾ?"

"ಅಷ್ಟೇ ತಾನೆ? ಹೇಳ್ತೀನಿ ಬಿಡಮ್ಮಾ," ಎಂದೆ.

ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿರಲಿಲ್ಲ. ಬೆಲ್ಟಿನ ಅಗಲ ನಾಲ್ಕಡಿ. ಆದರೆ ಡೇಲ್‌ನ ಎದುರು ನಿಂತಾಗ ನನಗೆ ಬೇರೆ ಯೋಚನೆ ಬಂತು. ಕಿವಿ ಕೇಳದವಳನ್ನು ಯಾಕೆ ಕರೆತಂದಿರಿ ಎಂದು ಅವನು ಕೂಗಾಡಿದರೆ? ವಾಪಸು ಕಳಿಸೋಣ ಎಂದರೆ? ಆ ಮಾತನ್ನು ನಾನು ಅವಳಿಗೆ ಹೇಗೆ ಹೇಳಲಿ? ಹಾಗಾಗಿ ಕಿವಿಯ ಮಾತೇ ಎತ್ತಲಿಲ್ಲ.

"ಹೊಸಬಳು ಅತ್ತಿಗೆಯ ಪಕ್ಕ ನಿಲ್ಲಬೇಕು ಅಂತಾಳೆ, ಆ ಕಡೆ."

"ಏನಿದು, ಶಾಲೆಯ ಬೆಂಚಾ? ಎಲ್ಲಿ ನಿಲ್ಸಿದೀನೋ ಅಲ್ಲೇ ನಿಲ್ಲೋಕೆ ಹೇಳು," ಎಂದ ಡೇಲ್.

ನಾನು ಮಿಕಾಯೆಲಾಗೆ, "ನೋಡ್ತೀನಿ ಅಂದಿದ್ದಾನೆ" ಎಂದೆ.

ಅವಳು ಎರಡೂ ಕೈ ಜೋಡಿಸಿ ಎದೆಗೊತ್ತಿಕೊಂಡಳು. ಮರುದಿನ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬು ತಂದುಕೊಟ್ಟಳು. ತಿಂದೆ. ಚೆನ್ನಾಗಿತ್ತು.

ಏಪ್ರಿಲ್ ಹೋಯಿತು, ಮೇ ಹೋಯಿತು. ಡೇಲ್ ಎಡದ ದಾರಿಯಿಂದ ಬಂದು ಕರೆದರೆ ಮಿಕಾಯೆಲಾ ತಿರುಗುತ್ತಿರಲಿಲ್ಲ. ಅವನು ಮತ್ತೆ ಕೂಗುತ್ತಿದ್ದ. ಮೂರನೇ ಸಲಕ್ಕೆ ಪಕ್ಕದವಳು ಮೊಣಕೈಯಿಂದ ತಿವಿದಾಗ ಬೆಚ್ಚಿಬಿದ್ದು ತಿರುಗಿ, ತಲೆ ತಗ್ಗಿಸಿ, ಮುಗುಳ್ನಗುತ್ತಿದ್ದಳು. ಅವಳ ಊರಿನಲ್ಲಿ ಹಿರಿಯರು ಬೈದರೆ ಹಾಗೆ ತಗ್ಗಿ ನಗುವುದೇ ಮರ್ಯಾದೆ ಎಂದು ಪೆತ್ರೋನಾ ನನಗೆ ಹಿಂದೆಯೇ ಹೇಳಿದ್ದಳು. ಡೇಲ್‌ಗೆ ಅದು ಗೊತ್ತಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.

"ನೋಡು, ನೋಡು! ನಾನು ಬೈದ್ರೆ ಹಲ್ಲು ಕಿರೀತಾಳೆ! ಅವಳಿಗೆ ಹೇಳು ಜಸ್ಟೀನಾ, ಇದು ಎರಡನೇ ಎಚ್ಚರಿಕೆ. ಮೂರಾದ್ರೆ ಮುಂದಿನ ವರ್ಷದ ಪಟ್ಟಿಲಿ ಅವಳ ಹೆಸರು ಇರೋಲ್ಲ."

"ಸ್ವಲ್ಪ ಗಮನ ಕೊಡು ಅಂತಿದ್ದಾನೆ," ಎಂದು ನಾನು ಅವಳಿಗೆ ಹೇಳಿದೆ.

"ಜಾಗದ ವಿಷಯ ಏನಾಯ್ತು ದೋನ್ಯಾ ಹುಸ್ತೀನಾ?"

"ಇನ್ನೂ ನೋಡ್ತಿದ್ದಾನೆ."

"ಪಾಪ, ಎಷ್ಟು ಕೆಲಸ ಅವರಿಗೆ," ಎಂದಳು ಮಿಕಾಯೆಲಾ.

ಜೂನ್ ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಅದು ನಡೆಯಿತು.

ಫೋರ್ಕ್‌ಲಿಫ್ಟ್ ಎಂಬ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಿದ್ದವನು ಎವರ್ಟನ್. ಜಮೈಕಾದವನು, ಐವತ್ತೆರಡು ವರ್ಷ, ಹದಿನೇಳು ಹಂಗಾಮು ಇಲ್ಲಿ ದುಡಿದವನು. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದ. ವಾರದ ದಿನ ಗಾಡಿಯ ಮೇಲೆ ಕೂತು ಅದೇ ಹಾಡುಗಳನ್ನು ಗುನುಗುತ್ತಿದ್ದ. ನನ್ನನ್ನು ಮಿಸ್ ಜಸ್ಟೀನಾ ಎಂದೇ ಕರೆಯುತ್ತಿದ್ದ. "ಮಿಸ್ ಜಸ್ಟೀನಾ, ಇವತ್ತು ನಿಮ್ಮ ರಾಜ್ಯದಲ್ಲಿ ಶಾಂತೀನಾ?" ಎಂದು ದಿನಾ ಕೇಳುವುದು ಅವನ ತಮಾಷೆ.

ಅಂದು ಚೆರ್ರಿ ಟೊಮೆಟೊ ಪೆಟ್ಟಿಗೆಗಳನ್ನು ಆಳೆತ್ತರ ಪೇರಿಸಿಕೊಂಡು ದಾರಿಯಲ್ಲಿ ಬರುತ್ತಿದ್ದ. ಮಿಕಾಯೆಲಾ ಖಾಲಿ ಪೆಟ್ಟಿಗೆ ತೆಗೆದುಕೊಳ್ಳಲು ಬೆಲ್ಟಿನಿಂದ ಒಂದು ಹೆಜ್ಜೆ ಹಿಂದಕ್ಕಿಟ್ಟಳು, ಇನ್ನೊಂದು ಹೆಜ್ಜೆ ಇಟ್ಟಳು. ನಾನು ಬೆಲ್ಟಿನ ಆ ತುದಿಯಲ್ಲಿದ್ದೆ. ಎವರ್ಟನ್ ಹಾರ್ನ್ ಹೊಡೆದ. ನನಗೆ ಸ್ಪಷ್ಟವಾಗಿ ಕೇಳಿಸಿತು: ಒಂದು, ಎರಡು, ಮೂರು. ಅವಳು ತಿರುಗಲಿಲ್ಲ; ಕೇಳುವ ಕಿವಿಯ ಕಡೆ ಬೆಲ್ಟಿನ ಗದ್ದಲವೇ ಇತ್ತು. ಅವನು ಗಾಡಿಯನ್ನು ಪಕ್ಕಕ್ಕೆ ಎಳೆದ. ಗಾಡಿ ಕಂಬಕ್ಕೆ ಗುದ್ದಿತು, ಮೇಲಿನ ಪೆಟ್ಟಿಗೆಗಳು ವಾಲಿ ಬಿದ್ದವು, ಅವನು ಕೆಳಗೆ ಜಿಗಿದವನು ಒಡೆದ ಹಣ್ಣಿನ ಮೇಲೆ ಜಾರಿ ಕಾಲು ಮುರಿದುಕೊಂಡ. ಮಿಕಾಯೆಲಾಗೆ ಒಂದು ಗೀರೂ ಆಗಲಿಲ್ಲ. ನೆಲವೆಲ್ಲ ಕೆಂಪಾಗಿ ಹರಿಯುತ್ತಿತ್ತು. ಯಾವುದು ರಕ್ತ, ಯಾವುದು ಹಣ್ಣು ಎಂದು ತಿಳಿಯದೆ ಹೆಂಗಸರು ಚೀರಿದರು. ಎಲ್ಲವೂ ಹಣ್ಣೇ ಆಗಿತ್ತು.

ಎವರ್ಟನ್‌ನನ್ನು ಆಸ್ಪತ್ರೆಗೆ ಒಯ್ದ ಮೇಲೆ ಡೇಲ್ ಕೆಲಸ ನಿಲ್ಲಿಸಿ ಕಾಗದ ಹಿಡಿದು ಬಂದ. ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದ. ಶೆಡ್ಡಿನಲ್ಲಿ ದಿನಕ್ಕೆ ನೂರು ಸಲ ಹಾರ್ನ್ ಕೇಳುತ್ತದೆ. ಗಮನಿಸಲಿಲ್ಲ ಎಂದರು ಹೆಂಗಸರು. ನನ್ನನ್ನೂ ಕೇಳಿದ. "ಬೆಲ್ಟಿನ ಸದ್ದಿತ್ತು, ಗೊತ್ತಾಗಲಿಲ್ಲ," ಎಂದೆ. ಅಲ್ಲಿಗೇ ನಾನು ಒಂದು ಹೆಜ್ಜೆ ಜಾರಿದ್ದೆ.

ಆಮೇಲೆ ಮಿಕಾಯೆಲಾಳ ಸರದಿ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಅವನು ಹಾರ್ನ್ ಹೊಡೆದ್ನಾ ಇಲ್ವಾ? ಅಷ್ಟೇ ಕೇಳು," ಎಂದ ಡೇಲ್.

ಕೇಳಿದೆ.

"ನನಗೆ ಕೇಳಿಸ್ಲಿಲ್ಲ ದೋನ್ಯಾ ಹುಸ್ತೀನಾ. ಅವರು ಹೊಡೆದಿರ್ತಾರೆ, ಒಳ್ಳೇ ಮನುಷ್ಯ ಅವರು. ನನ್ನ ಕಿವಿ ವಿಷಯ ಸೆಞೋರ್ ಡೇಲ್‌ಗೆ ಗೊತ್ತಲ್ಲ, ನೀವೇ ಹೇಳಿದೀರಲ್ಲ. ಆ ಕಡೆ ನಿಂತಿದ್ರೆ ಹೀಗಾಗ್ತಿರ್ಲಿಲ್ಲ ಅಂತ ಹೇಳಿ."

ಡೇಲ್ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕಿವಿಯ ಮಾತು ಈಗ ಹೊರಬಿದ್ದರೆ ಅವನು ಕೇಳುವ ಮುಂದಿನ ಪ್ರಶ್ನೆ ನನಗೆ ಕಾಣುತ್ತಿತ್ತು: ನಿನಗೆ ಯಾವತ್ತಿಂದ ಗೊತ್ತು?

"ಹಾರ್ನ್ ಹೊಡೀಲಿಲ್ಲ ಅಂತಾಳೆ," ಎಂದೆ.

"ಇಷ್ಟುದ್ದ ಮಾತಾಡಿದ್ಲು?"

"ಹೆದರಿದ್ದಾಳೆ. ಅದೇ ಮಾತನ್ನ ಮತ್ತೆ ಮತ್ತೆ ಹೇಳ್ತಿದ್ದಾಳೆ."

ಅವನು ಬರೆದುಕೊಂಡ. ಮಿಕಾಯೆಲಾ ನನ್ನ ಕಡೆ ನೋಡಿ ಕೃತಜ್ಞತೆಯಿಂದ ತಲೆಯಾಡಿಸಿದಳು.

ಹಾರ್ನ್ ಹೊಡೆಯದೆ ಗಾಡಿ ಓಡಿಸಿದ ಎಂದು ಎವರ್ಟನ್ ಮೇಲೆ ಬರೆದರು. ಅವನ ಗಾಡಿಯ ಪರವಾನಗಿ ತಡೆಹಿಡಿದರು. ಮುಂದಿನ ವರ್ಷ ಕರೆಯುವ ಪಟ್ಟಿಯಿಂದ ಹೆಸರು ತೆಗೆಯುವುದು ಎಂದಾಯಿತು. ಅವನು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತೋಟದ ಹಿಂದಿನ ಗಂಡಸರ ವಸತಿಯಲ್ಲಿ ಕೂತಿದ್ದ. "ಮೂರು ಸಲ ಹೊಡೆದೆ, ದೇವರಾಣೆ" ಎಂದು ಹೇಳುತ್ತಲೇ ಇದ್ದನಂತೆ.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಬನ್ನು, ಜಾಮು, ಕಾಫಿ ಇಟ್ಟುಕೊಂಡು ಐಸಾಕ್ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. ನಾನು ಅವನಿಗೆ ವಿಷಯ ಹೇಳಿದೆ. ಹೇಳಿದ್ದೂ ನನ್ನ ಥರವೇ: ಅಲ್ಲಿ ಸ್ವಲ್ಪ ಕಡಿಮೆ, ಇಲ್ಲಿ ಸ್ವಲ್ಪ ಹೆಚ್ಚು.

ಅವನು ಸಿಪ್ಪೆ ಉಗುಳಿ, "ನಿಂಗೆ ಹಾರ್ನ್ ಕೇಳಿಸ್ತಾ?" ಎಂದ.

"ಸದ್ದು ಬಹಳ ಇತ್ತು."

"ಅದಲ್ಲ ಕಣೇ ನಾನು ಕೇಳಿದ್ದು."

ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವನು ಹಿಂದೆ ಬರಲಿಲ್ಲ. ಸಂಜೆಯವರೆಗೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಸೋಮವಾರ ಹೋಗಿ ಡೇಲ್‌ಗೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಸೋಮವಾರ ಅವನು ಫೋನಿನಲ್ಲಿದ್ದ. ಮಂಗಳವಾರ ಸಿಟ್ಟಿನಲ್ಲಿದ್ದ. ಬುಧವಾರ ಒಳ್ಳೆಯ ಮನಸ್ಸಿನಲ್ಲಿದ್ದ, ಅದನ್ನು ಕೆಡಿಸುವುದು ಬೇಡವೆನಿಸಿತು. ನೆಪಗಳಿಗೆ ಬರವೇ ಇರಲಿಲ್ಲ.

ಶುಕ್ರವಾರ ಸಂಜೆ ತೋಟದ ಬಸ್ಸು ಕೆಲಸದವರನ್ನು ದಿನಸಿಗೆಂದು ಪೇಟೆಗೆ ಒಯ್ಯುತ್ತದೆ. ಅಲ್ಲಿ ಅಂಗಡಿಯ ಸಾಲಿನಲ್ಲಿ ಜಮೈಕಾದವನೊಬ್ಬ ಪೆತ್ರೋನಾಗೆ ಅಡ್ಡ ನಿಂತು, "ನಿನ್ನ ನಾದಿನಿ ಸುಳ್ಳು ಹೇಳಿ ನಮ್ಮ ಎವರ್ಟನ್‌ನ ಅನ್ನ ಕಿತ್ಕೊಂಡ್ಲು" ಎಂದನಂತೆ. ಬೆಲ್ಟಿನ ಸದ್ದಿನಲ್ಲಿ ಡೇಲ್ ಅರಚುವುದು ತಿಳಿಯದಿದ್ದರೂ, ಎದುರು ನಿಂತು ಹೇಳಿದ್ದು ತಿಳಿಯುವಷ್ಟು ಇಂಗ್ಲಿಷನ್ನು ನಾಲ್ಕು ವರ್ಷದಲ್ಲಿ ಪೆತ್ರೋನಾ ಕಲಿತಿದ್ದಳು. ಬಸ್ಸಿನಲ್ಲಿ ಬಂದು ಮಿಕಾಯೆಲಾಗೆ ಹೇಳಿದ್ದಳು.

ಮುಂದಿನ ಸೋಮವಾರ ಊಟದ ಬಿಡುವಿನಲ್ಲಿ ಮಿಕಾಯೆಲಾ ನನ್ನ ಎದುರು ಬಂದು ನಿಂತಳು. ಸುತ್ತ ಇಪ್ಪತ್ತು ಜನ ತಿನ್ನುತ್ತಿದ್ದರು. ಈ ಸಲ ಅವಳು ಸುತ್ತ ನೋಡಲಿಲ್ಲ.

"ಎವರ್ಟನ್ ಹಾರ್ನ್ ಹೊಡೀಲಿಲ್ಲ ಅಂತ ನಾನು ಹೇಳಿದ್ನಾ?"

"ಮಿಕಾಯೆಲಾ, ಕೂತ್ಕೋ, ಅದು ಏನಾಯ್ತು ಅಂದ್ರೆ—"

"ಹೇಳಿದ್ನಾ?"

"ಇಲ್ಲ."

"ನನ್ನ ಕಿವಿ ವಿಷಯ ಸೆಞೋರ್ ಡೇಲ್‌ಗೆ ಹೇಳಿದೀರಾ?"

ನಾನು ಬಾಯಿ ತೆರೆದೆ. ಎಲ್ಲಾ ಭಾಷೆಯಲ್ಲೂ ಹುಡುಕಿದೆ.

ಅವಳು ಕಾಯಲಿಲ್ಲ. ಕೂದಲು ಬೀಳದಂತೆ ತಲೆಗೆ ಹಾಕಿದ್ದ ಬಲೆಯನ್ನು ಕಿತ್ತು ಮೇಜಿನ ಮೇಲಿಟ್ಟು ಡೇಲ್‌ನ ಆಫೀಸಿನ ಕಡೆ ನಡೆದಳು. ಪೆತ್ರೋನಾ ಎದ್ದು ಹಿಂದೆ ಹೋದಳು. ನಾನೂ ಎದ್ದೆ. ಅವರ ಹಿಂದೆಯೇ ನಡೆದೆ.

ಡೇಲ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಮಿಕಾಯೆಲಾ ಬಾಗಿಲು ತಟ್ಟಲೂ ಇಲ್ಲ. ಅವನ ಮೇಜಿನ ಮುಂದೆ ನಿಂತು, ಅತ್ತಿಗೆಯಿಂದ ಕಲಿತು ಬಂದಿದ್ದ ಎರಡು ಮೂರು ಇಂಗ್ಲಿಷ್ ಪದಗಳನ್ನು ಹೇಳಿದಳು. "ಎವರ್ಟನ್ ಹಾರ್ನ್, ಯೆಸ್." ಆಮೇಲೆ ಎಡಗಿವಿಯನ್ನು ಬೆರಳಿನಿಂದ ಹೊಡೆದು ತೋರಿಸಿ, "ನೋ" ಎಂದಳು. ಇನ್ನೊಮ್ಮೆ ಹೊಡೆದುಕೊಂಡಳು, ಜೋರಾಗಿ. "ನೋ. ನೋ."

ಡೇಲ್ ತಿನ್ನುವುದನ್ನು ನಿಲ್ಲಿಸಿದ. "ಏನಂತಿದ್ದಾಳೆ ಇವಳು?" ಎಂದು ನನ್ನನ್ನು ಕೇಳಿದ.

ಮಿಕಾಯೆಲಾ ನನ್ನ ಕಡೆ ತಿರುಗಿದಳು. "ಈಗ ನೀವು ಹೇಳಿ. ನಾನು ಹೇಳಿದಷ್ಟೇ ಹೇಳಿ. ನಾನು ಅಂದ್ರೆ ನಾನು ಅಂತಾನೇ ಹೇಳಿ. ಪೆತ್ರೋನಾ ಕೇಳಿಸ್ಕೋತಾಳೆ."

ಪೆತ್ರೋನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಲ್ಲಿಂದ ಓಡಿಹೋಗುವ ದಾರಿಯೂ ಇರಲಿಲ್ಲ.

ಅವಳು ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

"ನನಗೆ ಎಡಗಿವಿ ಕೇಳಿಸೋದಿಲ್ಲ," ಎಂದೆ. "ಮಾರ್ಚ್ ತಿಂಗಳಲ್ಲೇ ನಾನು ಜಸ್ಟೀನಾಗೆ ಹೇಳಿದೆ. ನನ್ನನ್ನ ಆ ಕಡೆ ನಿಲ್ಲಿಸಿ ಅಂತ ನಿಮ್ಮನ್ನ ಕೇಳೋಕೆ ಹೇಳಿದೆ. ನೀವು ನೋಡ್ತಿದ್ದೀರಿ ಅಂತ ಜಸ್ಟೀನಾ ಹೇಳಿದ್ಲು. ಮೂರು ತಿಂಗಳು ಹಾಗೇ ಹೇಳಿದ್ಲು." ನನ್ನ ಹೆಸರು ನನ್ನ ಬಾಯಿಂದಲೇ ಬೇರೆ ಯಾರದೋ ಹೆಸರಿನಂತೆ ಬರುತ್ತಿತ್ತು. "ಹಾರ್ನ್ ಹೊಡೀಲಿಲ್ಲ ಅಂತ ನಾನು ಹೇಳಲಿಲ್ಲ. ನನಗೆ ಕೇಳಿಸಲಿಲ್ಲ ಅಂದೆ. ಒಳ್ಳೇ ಮನುಷ್ಯನ ಮೇಲೆ ನಾನು ಸುಳ್ಳು ಹೇಳಿದೆ ಅಂತ ಊರೆಲ್ಲ ಮಾತಾಡ್ತಿದೆ. ಆ ಸುಳ್ಳು ನನ್ನದಲ್ಲ. ಜಸ್ಟೀನಾದು."

ಡೇಲ್‌ನ ಮುಖ ಕೆಂಪಾಯಿತು. ಅವನು ಅರಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಅರಚಲಿಲ್ಲ.

"ನಿಜಾನಾ?"

"ನಿಜ."

"ಹಾರ್ನ್ ನಿಂಗೆ ಕೇಳಿಸ್ತಾ?"

"ಮೂರು ಸಲ."

ಅವನು ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ, "ಕೇಳು ಅವಳನ್ನ. ನಾನು ಬೈದಾಗೆಲ್ಲ ಯಾಕೆ ನಗ್ತಿದ್ಲು?" ಎಂದ.

ಕೇಳಿದೆ. ಮಿಕಾಯೆಲಾಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ದೊಡ್ಡವರು ಬೈತಿದ್ರೆ ಮುಖ ಗಂಟು ಹಾಕ್ಕೊಂಡು ನಿಲ್ಲೋಕಾಗುತ್ತಾ? ಅದು ಜಗಳಕ್ಕೆ ನಿಂತ ಹಾಗಲ್ವಾ? ಇವರಿಗೆ ಅಷ್ಟೂ ಗೊತ್ತಿಲ್ವಾ?"

ಕೊನೆಯ ಮಾತನ್ನು ನುಂಗಿಬಿಡೋಣವೆಂದು ನಾಲಿಗೆ ತಾನಾಗಿ ಮಡಿಚಿತು. ಪೆತ್ರೋನಾ ನನ್ನನ್ನೇ ನೋಡುತ್ತಿದ್ದಳು. "ಇವರಿಗೆ ಅಷ್ಟೂ ಗೊತ್ತಿಲ್ವಾ ಅಂತ ಕೇಳ್ತಿದ್ದಾಳೆ," ಎಂದೆ.

"ಗೊತ್ತಿರ್ಲಿಲ್ಲ ಅಂತ ಹೇಳು," ಎಂದ ಡೇಲ್. "ನಾನೇ ಬಂದು ಅವಳ ಮುಂದೆ ನಿಂತು ಒಂದ್ಸಲ ಕೇಳಬಹುದಿತ್ತು. ಕೇಳಲಿಲ್ಲ. ಕ್ಷಮಿಸು ಅಂತ ಹೇಳು. ಅದನ್ನ ಬೆಣ್ಣೆ ಹಚ್ಚಿ ಹೇಳ್ಬೇಡ. ಹಾಗೇ ಹೇಳು."

ಹಾಗೇ ಹೇಳಿದೆ. ಬಿಡುವು ಮುಗಿದ ಗಂಟೆ ಹೊಡೆಯಿತು. ಡೇಲ್ ತಾನೇ ಬಂದು, ಬೆಲ್ಟಿನ ಆ ಕಡೆ ಜಾಗ ತೋರಿಸಿ, ಅಲ್ಲಿದ್ದವಳನ್ನು ಈ ಕಡೆ ಕರೆದ. ಅರ್ಧ ನಿಮಿಷ ಹಿಡಿಯಿತು.

ನನ್ನನ್ನು ಮೇಸ್ತ್ರಿ ಕೆಲಸದಿಂದ ತೆಗೆದರು. "ಮನೆಗೆ ಕಳಿಸಬೇಕು ನಿನ್ನ," ಎಂದ ಡೇಲ್, "ಆದ್ರೆ ಹಂಗಾಮಿನ ನಡುವೆ ಕೈ ಬೇಕು." ಮಿಕಾಯೆಲಾ ಬಿಟ್ಟುಹೋದ ಜಾಗದ ಪಕ್ಕದಲ್ಲಿ ಬಲೆ ಹಾಕಿಕೊಂಡು ಟೊಮೆಟೊ ಆರಿಸಲು ನಿಂತೆ. ಯಾರೂ ಬೈಯಲಿಲ್ಲ. ನನ್ನ ಜೊತೆ ಮಾತಾಡುವಾಗ ಮಾತ್ರ ಹೆಂಗಸರು ತಾವು ಹೇಳಿದ್ದನ್ನು ಎರಡು ಸಲ ಹೇಳತೊಡಗಿದರು, ಮಗುವಿಗೆ ಹೇಳುವ ಹಾಗೆ.

ಅದೇ ದಿನ ಸಂಜೆ, ಕೆಲಸ ಬಿಟ್ಟ ಕೂಡಲೇ ಗಂಡಸರ ವಸತಿಗೆ ಹೋದೆ. ಬಿಸಿಲು ಇನ್ನೂ ಇತ್ತು. ಎವರ್ಟನ್ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕಾಲನ್ನು ಬಕೆಟ್ಟಿನ ಮೇಲಿಟ್ಟು, ಕರಿದ ಹಿಟ್ಟಿನುಂಡೆ ತಿನ್ನುತ್ತಿದ್ದ. ನನ್ನನ್ನು ಕಂಡು ಟೋಪಿ ತೆಗೆದ.

"ಮಿಸ್ ಜಸ್ಟೀನಾ! ಬನ್ನಿ, ಬನ್ನಿ. ಆ ಕುರ್ಚಿ ಎಳ್ಕೊಳ್ಳಿ."

ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಅವನು ಟೋಪಿಯನ್ನು ಮೊಣಕಾಲಿನ ಮೇಲಿಟ್ಟು ಕೊನೆಯವರೆಗೆ ಕೇಳಿದ.

"ಒಂದು ಮಾತು ಕೇಳ್ತೀನಿ," ಎಂದ. "ಅವಳು ಹೇಳಿದ್ದು ನಿಮಗೆ ತಪ್ಪಾಗಿ ಕೇಳಿಸ್ತಾ? ಗಡಿಬಿಡೀಲಿ ಬಾಯಿ ತಪ್ಪಿತಾ? ಹಾಗಿದ್ರೆ ಹೇಳಿ, ಯಾರಿಗಾದ್ರೂ ಆಗುತ್ತೆ."

ಅವನೇ ನನಗೊಂದು ಮೆತ್ತನೆಯ ದಾರಿ ಹಾಸಿಕೊಡುತ್ತಿದ್ದ. ಹೂಂ ಎಂದಿದ್ದರೆ ನಂಬುತ್ತಿದ್ದ.

"ಇಲ್ಲ," ಎಂದೆ. "ಗೊತ್ತಿದ್ದೇ ಹೇಳಿದೆ."

ಅವನು ಹೊಲದ ಕಡೆ ನೋಡಿದ. "ಹದಿನೇಳು ವರ್ಷ," ಎಂದ. "ಒಂದು ಪೆಟ್ಟಿಗೆ ಬೀಳಿಸಿರಲಿಲ್ಲ ನಾನು. ಮನೆಗೆ ಫೋನ್ ಮಾಡಿದಾಗ ನನ್ನ ಹೆಂಡತಿ ಏನು ಕೇಳಿದ್ಲು ಗೊತ್ತಾ? ಎವರ್ಟನ್, ನಿಜ ಹೇಳು, ಹಾರ್ನ್ ಹೊಡೆದಿದ್ಯಾ ಅಂತ. ಅವಳೂ ಕೇಳಿದ್ಲು."

ಅವನು ಪ್ಲಾಸ್ಟರ್ ಕಾಲನ್ನು ಎರಡೂ ಕೈಯಿಂದ ಎತ್ತಿ ಬಕೆಟ್ಟಿನ ಮೇಲೆ ಸರಿಯಾಗಿಟ್ಟುಕೊಂಡ.

"ಬಂದು ಹೇಳಿದ್ರಿ. ಸರಿ," ಎಂದು ಟೋಪಿ ಹಾಕಿಕೊಂಡ. "ಇನ್ನು ಹೊರಡಿ."

ಅವನ ಮೇಲೆ ಬರೆದಿದ್ದನ್ನು ಡೇಲ್ ಹೊಡೆದುಹಾಕಿದ. ಹೆಸರು ಪಟ್ಟಿಗೆ ವಾಪಸು ಬಂತು. ಸೆಪ್ಟೆಂಬರಿಗೆ ಎವರ್ಟನ್ ಗಾಡಿ ಹತ್ತಿದ. ಆದರೆ ಹಾಡು ಗುನುಗುವುದನ್ನು ಬಿಟ್ಟಿದ್ದ. ಪ್ರತಿ ತಿರುವಿಗೂ, ಎದುರು ಯಾರೂ ಇಲ್ಲದಿದ್ದರೂ, ಮೂರು ಸಲ ಹಾರ್ನ್ ಹೊಡೆಯುತ್ತಿದ್ದ.

ಫೋನಿನಲ್ಲಿ ಭಾಷಾಂತರ ಮಾಡುವವರನ್ನು ಡೇಲ್ ಕೆಲವು ವಾರ ಬಳಸಿ ನೋಡಿದ. ಬೆಲ್ಟಿನ ಸದ್ದಿನಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ. ಆಗಸ್ಟಿನ ಕೊನೆಯಲ್ಲಿ ಹೆಂಗಸರೇ ಕೂತು ಮಾತಾಡಿಕೊಂಡು, ನಾನು ಮತ್ತೆ ಹೇಳಬಹುದು, ಆದರೆ ಪೆತ್ರೋನಾ ಪಕ್ಕದಲ್ಲಿರಬೇಕು ಎಂದು ತೀರ್ಮಾನಿಸಿದರು. ಮೊದಲ ದಿನವೇ ಡೇಲ್ ಬಂದು ತನ್ನ ಸತ್ತ ಅಜ್ಜಿಯ ಮಾತೆತ್ತಿದ. ಹಾಗೇ ಹೇಳಿದೆ. ಇಷ್ಟು ವರ್ಷ ಅವನು ಹೀಗೆ ಮಾತಾಡುತ್ತಿದ್ದನೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಿಕಾಯೆಲಾ, ಬೆಲ್ಟಿನ ಆ ಕಡೆಯಿಂದ, ತಲೆಯೆತ್ತದೆ ಹೇಳಿದಳು: "ಅವರ ಅಜ್ಜಿಗೆ ಮೇಲಿನ ಪೆಟ್ಟಿಗೆ ಎಟುಕ್ತಿತ್ತಾ ಕೇಳಿ. ನಮಗೆ ಎಟುಕೋದಿಲ್ಲ. ಅದಕ್ಕೇ ತಡ."

ಅದನ್ನೂ ಹಾಗೇ ಹೇಳಿದೆ. ಡೇಲ್ ಮೇಲಿನ ಪೆಟ್ಟಿಗೆ ನೋಡಿದ, ಹೆಂಗಸರ ಎತ್ತರ ನೋಡಿದ. ಮರುದಿನ ಮರದ ಹಲಗೆಗಳು ಬಂದವು, ಹತ್ತಿ ನಿಲ್ಲಲು. ಮೂರನೇ ಬೆಲ್ಟು ಆ ತಿಂಗಳಿಂದ ಬೇರೆಯವಕ್ಕಿಂತ ಹಿಂದೆ ಬೀಳಲಿಲ್ಲ. ಎಷ್ಟು ವರ್ಷದಿಂದ ಆ ಮಾತು ನನ್ನ ಬಾಯೊಳಗೇ ಸತ್ತಿತ್ತೋ ಲೆಕ್ಕ ಹಾಕಲು ಹೋಗಲಿಲ್ಲ.

ಮಿಕಾಯೆಲಾ ಮರುವರ್ಷವೂ ಬಂದಳು. ಈಗ ನನ್ನನ್ನು, ಗುರುತಿಲ್ಲದವರನ್ನು ಕರೆಯುವ ಹಾಗೆ, ಸೆಞೋರಾ ಎನ್ನುತ್ತಾಳೆ; ದೋನ್ಯಾ ಎನ್ನುವುದನ್ನು ಬಿಟ್ಟಿದ್ದಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ಎವರ್ಟನ್ ಬರಲಿಲ್ಲ. ಹೆಸರು ಪಟ್ಟಿಯಲ್ಲಿದ್ದರೂ ತಾನೇ ಕೇಳಿಕೊಂಡು ಸರೋವರದ ದಂಡೆಯ ಸೇಬಿನ ತೋಟವೊಂದಕ್ಕೆ ವರ್ಗ ಮಾಡಿಸಿಕೊಂಡನಂತೆ. ಅಲ್ಲಿ ಗಾಡಿ ಓಡಿಸುವ ಕೆಲಸವಿಲ್ಲ, ಏಣಿ ಹತ್ತಿ ಕೀಳುವ ಕೆಲಸ. ಆ ಕಾಲಿಗೆ ಏಣಿ.

ಜುಲೈಯ ಒಂದು ಶುಕ್ರವಾರ ಪೇಟೆಯ ಅಂಗಡಿಯಲ್ಲಿ ಅವನನ್ನು ಕಂಡೆ. ಅಕ್ಕಿಯ ಮೂಟೆ, ಎಣ್ಣೆ ಹಾಕಿಕೊಂಡು ಗಾಡಿ ತಳ್ಳಿಕೊಂಡು ಬರುತ್ತಿದ್ದ, ಸ್ವಲ್ಪ ಕುಂಟುತ್ತಿದ್ದ. ನಾನು ಕೈಯೆತ್ತಿದೆ. ಅವನು ಟೋಪಿ ಮುಟ್ಟಿದ, ಮರ್ಯಾದೆಯಿಂದಲೇ, ಮತ್ತು ಗಾಡಿಯನ್ನು ತಿರುಗಿಸಿ ಪಕ್ಕದ ಸಾಲಿಗೆ ಹೋದ. ನಾನು ಡಬ್ಬಿಯ ಕಾಳುಗಳ ಮುಂದೆ ನಿಂತೆ. ಅವನು ಹಣ ಕೊಟ್ಟು ಹೊರಗೆ ಹೋಗುವಷ್ಟು ಹೊತ್ತು, ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಮೇಲೆ ಬರೆದಿದ್ದನ್ನು ಓದುತ್ತಿರುವವಳ ಹಾಗೆ ನಿಂತೇ ಇದ್ದೆ.